ನಾಲ್ಕನೆಯ ಮುಳುಗು

ಆರ್ಡೆತ್ ಕ್ರಾಲ್‌ಗೆ ಯಾರ ಮೇಲೂ ನಂಬಿಕೆಯಿಲ್ಲ ಎಂದರೆ ತಪ್ಪಾಗುತ್ತದೆ. ದೇವರ ಮೇಲೆ ಇತ್ತು, ಪ್ರವಾದಿಯ ಮೇಲೆ ಇತ್ತು, ತೀರಿಹೋದ ಅಪ್ಪನ ಮೇಲೆ ಇತ್ತು. ಮಿಕ್ಕವರೆಲ್ಲ ಅವಳ ಕಣ್ಣಿಗೆ ಕಟಕಟೆಯಲ್ಲಿ ನಿಂತವರೇ. ವಿಲೋ ಫೋರ್ಕ್ ಊರಿನ ಹಳೆಯ ಗಿರಣಿ ನೋಡಲು ಬಸ್ಸಿನಿಂದ ಇಳಿಯುವ ಜನ, ತಮ್ಮ ಮುತ್ತಜ್ಜಿಯರು ಕೈಗಾಡಿ ಎಳೆದುಕೊಂಡು ಬಯಲು ದಾಟಿ ಬಂದ ಕಥೆ ಕೇಳಿ ಕಣ್ಣೊರೆಸಿಕೊಳ್ಳುತ್ತಾರಲ್ಲ, ಅವರೇ ಹೊರಗೆ ಹೋಗುವಾಗ ಮರದ ತೊಟ್ಟಿಯಿಂದ ಒಂದು ಹಿಡಿ ಗೋಧಿಯನ್ನು ಜೇಬಿಗಿಳಿಸುತ್ತಾರೆ ಎಂಬುದು ಅವಳ ಅನುಮಾನ. ಪವಿತ್ರ ಗೋಧಿ ಅಂತೆ! ಅದನ್ನು ಅವಳೇ ಪ್ರತಿ ಸೋಮವಾರ ದಿನಸಿ ಅಂಗಡಿಯಿಂದ ತಂದು ಸುರಿಯುತ್ತಿದ್ದಳು.

ಅವಳೂ ಅವಳ ಗಂಡ ಆಂಟನ್ನೂ ಆ ಗಿರಣಿಯಲ್ಲಿ ಮಿಷನರಿಗಳು. ಮಕ್ಕಳೆಲ್ಲ ದಡ ಸೇರಿದ ಮೇಲೆ ವಯಸ್ಸಾದ ಜೋಡಿಗಳನ್ನು ಮಾರ್ಮನ್ ಕ್ರೈಸ್ತರ ಸಭೆ ಹೀಗೆ ಸೇವೆಗೆ ಕರೆಯುತ್ತದೆ. ಎದೆಯ ಮೇಲೆ 'ಎಲ್ಡರ್ ಕ್ರಾಲ್', 'ಸಿಸ್ಟರ್ ಕ್ರಾಲ್' ಎಂಬ ಕಪ್ಪು ಹೆಸರುಪಟ್ಟಿ, ಕಾಲಿಗೆ ಮೆತ್ತನೆಯ ಬೂಟು, ಬೆಳಗಿನಿಂದ ಸಂಜೆಯವರೆಗೆ ಅದೇ ಕಥೆ. ಆರ್ಡೆತ್ ಗಿರಣಿಯ ಕಥೆ ಹೇಳುತ್ತಿದ್ದಳು. ಆಂಟನ್ ತಾನು ಮಾರ್ಮನ್ ಆದ ಕಥೆ ಹೇಳುತ್ತಿದ್ದ. ಜನಕ್ಕೆ ಬೇಕಾದದ್ದು ಆಂಟನ್ನನ ಕಥೆಯೇ, ಏಕೆಂದರೆ ಅವನಿಗೆ ದೀಕ್ಷಾಸ್ನಾನವಾದದ್ದು ಗಿರಣಿಯ ಹಿಂದಿನ ಇದೇ ಕೊಳದಲ್ಲಿ.

"ಮೂರು ಸಲ ಮುಳುಗಿಸಿದ್ರು, ಮೂರು ಸಲವೂ ನನ್ನ ಕಾಲಿನ ಹೆಬ್ಬೆರಳು ಮೇಲೆ ಬಂತು," ಎನ್ನುತ್ತಿದ್ದ ಆಂಟನ್. "ದಡದ ಮೇಲೆ ಸಾಕ್ಷಿಗೆ ನಿಂತೋರು ನನ್ನ ಮಾವ. ಹದ್ದಿನ ಕಣ್ಣು. 'ಬೆರಳು! ಇನ್ನೊಮ್ಮೆ!' ಅಂತ ಕೂಗೋರು. ಅಕ್ಟೋಬರ್ ತಿಂಗಳ ನೀರು, ಹಲ್ಲು ಕಟಕಟ ಅಂತಿತ್ತು. ಆಮೇಲೆ..." ಇಲ್ಲಿ ಅವನು ಒಂದು ಕ್ಷಣ ನಿಂತು ಕಿಟಕಿಯಾಚೆ ಕೊಳದ ಕಡೆ ನೋಡಿ ನಗುತ್ತಿದ್ದ. "ಆಮೇಲೆ ನಾಲ್ಕನೇ ಸಲ ಸರಿಹೋಯ್ತು."

ಜನ ನಗುತ್ತಿದ್ದರು. ಆರ್ಡೆತ್ ನಗುತ್ತಿರಲಿಲ್ಲ. ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲುತ್ತಾನಲ್ಲ, ಏನನ್ನು ನುಂಗಿಕೊಳ್ಳುತ್ತಾನೆ ಇವನು?

ಅವಳ ಅನುಮಾನಕ್ಕೆ ಐವತ್ತು ವರ್ಷದ ವಯಸ್ಸು. ಆಂಟನ್ ಬೆಟ್ಟದಾಚೆಯ ಕಲ್ಲಿದ್ದಲು ಗಣಿಯ ಊರಿನವನು, ಸ್ಲೊವೇನಿಯಾದಿಂದ ಬಂದ ಕ್ಯಾಥೊಲಿಕ್ ಮನೆಯ ಮಗ. ಮನೆ ತುಂಬ ಮೇಣದಬತ್ತಿ, ಒಲೆಯ ಮೇಲೆ ಹಗಲಿಡೀ ಕಾಫಿ. ವಿಲೋ ಫೋರ್ಕಿನ ಸಭಾಭವನದ ನೃತ್ಯಕ್ಕೆ ಯಾರದೋ ಜೊತೆ ಬಂದವನು ಆರ್ಡೆತ್‌ಳನ್ನು ನೋಡಿದ. ಆಮೇಲೆ ಪ್ರತಿ ವಾರವೂ ಬಂದ. ಕುರಿ ಸಾಕುತ್ತಿದ್ದ ಅವಳಪ್ಪ ಹೀಬರ್ ಸೊರೆನ್ಸನ್, ಬಿಷಪ್ಪನ ಬಲಗೈ, ಬೇಲಿಯ ಹತ್ತಿರ ನಿಂತು ಒಂದೇ ಮಾತು ಹೇಳಿದ್ದ: "ನನ್ನ ಮಗಳ ಮದುವೆ ದೇವಾಲಯದಲ್ಲಿ. ನಿನ್ನಂಥೋನಿಗೆ ಅದರ ಬಾಗಿಲು ತೆಗೆಯಲ್ಲ." ಹಿಮ ಕರಗುವಷ್ಟರಲ್ಲಿ ಆಂಟನ್ ಮಾರ್ಮನ್ ಧರ್ಮದ ಪಾಠ ಕೇಳಲು ಶುರುಮಾಡಿದ್ದ. ಮಾರ್ಮನ್ನರಿಗೆ ಹೊಗೆಸೊಪ್ಪಿನಂತೆ ಕಾಫಿಯೂ ನಿಷಿದ್ಧ; ಬೇಸಿಗೆ ಮುಗಿಯುವಷ್ಟರಲ್ಲಿ ಅದನ್ನೂ ಬಿಟ್ಟಿದ್ದ. ಹುಡುಗಿಗಾಗಿ ಜಾತಿ ಬಿಟ್ಟ ಎಂದು ಎರಡು ಊರೂ ಆಡಿಕೊಂಡವು. ಹುಡುಗಿಯೂ ಹಾಗೇ ಅಂದುಕೊಂಡಳು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ದೀಕ್ಷೆಯ ದಿನ ಪ್ರಾರ್ಥನಾಮಂದಿರದ ತೊಟ್ಟಿ ಬಿರುಕು ಬಿಟ್ಟಿತ್ತು. ಹಾಗಾಗಿ ಗಿರಣಿಯ ಕೊಳ. ಮೈಯೆಲ್ಲ ಒಮ್ಮೆಗೇ ನೀರಿನೊಳಗೆ ಹೋಗಬೇಕು, ಒಂದು ಕೂದಲು ತೇಲಿದರೂ ಒಂದು ಬೆರಳು ಇಣುಕಿದರೂ ಆ ಮುಳುಗು ಮುಳುಗಲ್ಲ, ಮತ್ತೆ ಮಾಡಬೇಕು. ಅದನ್ನು ನೋಡಲಿಕ್ಕೇ ಇಬ್ಬರು ಸಾಕ್ಷಿಗಳು. ಆರ್ಡೆತ್‌ಳನ್ನು ಅವಳಮ್ಮ ಗಿರಣಿಯೊಳಗೆ ಕೂಡಿಹಾಕಿ ಒಲೆಯ ಮುಂದೆ ಕಂಬಳಿ ಬಿಸಿ ಮಾಡಲು ಹಚ್ಚಿದ್ದಳು. "ಬಿಳೀ ಬಟ್ಟೆ ಒದ್ದೆಯಾದ ಗಂಡಸನ್ನ ಮದುವೆಗೆ ಮುಂಚೆ ನೋಡೋದೇನೂ ಬೇಡ!" ಹಾಗಾಗಿ ಅವಳಿಗೆ ದಕ್ಕಿದ್ದು ಸದ್ದು ಮಾತ್ರ. ನೀರಿನ ದಬ್ ಸದ್ದು, ಅಪ್ಪನ 'ಇನ್ನೊಮ್ಮೆ!' ಮತ್ತೆ ದಬ್, ಮತ್ತೆ 'ಇನ್ನೊಮ್ಮೆ!' ಮೂರನೆಯದಾದ ಮೇಲೆ ದೊಡ್ಡ ಮೌನ. ಕಂಬಳಿ ಕೈಯಲ್ಲೇ ಆರಿಹೋಗುವಷ್ಟು ಹೊತ್ತು. ಆಮೇಲೆ ನಾಲ್ಕನೆಯ ದಬ್, ಅಪ್ಪನ ಸಣ್ಣ ದನಿ: "ಸರಿ."

ಅಪ್ಪ ಒಳಗೆ ಬಂದಾಗ ಅವನ ಭಾನುವಾರದ ಪ್ಯಾಂಟು ತೊಡೆಯವರೆಗೆ ಒದ್ದೆಯಾಗಿತ್ತು.

"ಇದೇನಿದು? ನೀವು ದಡದ ಮೇಲೆ ನಿಲ್ಲಬೇಕಾದೋರು!" ಎಂದು ಅಮ್ಮ ಹಾರಿಬಿದ್ದಳು.

"ಕಾಲು ಜಾರಿತು," ಎಂದ ಹೀಬರ್.

ಹುಟ್ಟಿದಾಗಿನಿಂದ ಕುರಿಗಳ ಹಿಂದೆ ಬಂಡೆ ಹತ್ತಿದವನ ಕಾಲು ಜಾರುತ್ತದೆಯೇ? ಆರ್ಡೆತ್ ಆವತ್ತೇ ಲೆಕ್ಕ ಹಾಕಿದಳು: ಆಂಟನ್ ಚಳಿಗೆ ಹೆದರಿ ಎದ್ದು ಹೊರಟಿದ್ದಾನೆ, ಮಗಳ ಮಾನ ಹೋಗುತ್ತದೆಂದು ಅಪ್ಪ ನೀರಿಗಿಳಿದು ಅವನನ್ನು ಎಳೆದುತಂದು ಮುಳುಗಿಸಿದ್ದಾನೆ. ದೀಕ್ಷೆ ಕೊಟ್ಟ ರೂಲನ್‌ನನ್ನು ಒಮ್ಮೆ ಹಿಡಿದು ಕೇಳಿದ್ದಳು. ಅವನು ಟೋಪಿ ಸರಿಮಾಡಿಕೊಂಡು, "ಅದನ್ನ ಆಂಟನ್ನನ್ನೇ ಕೇಳು," ಎಂದು ಜಾರಿಕೊಂಡ. ಕೇಳಲು ಅವಳಿಗೆ ಭಯವಿತ್ತು. ರೂಲನ್ ಈಗಿಲ್ಲ, ಅಪ್ಪನಿಲ್ಲ, ಇನ್ನೊಬ್ಬ ಸಾಕ್ಷಿಯಾಗಿದ್ದ ಬಿಷಪ್ಪನೂ ಇಲ್ಲ.

ಭಯಕ್ಕೆ ಕಾರಣವಿತ್ತು. ದೇವಾಲಯದಲ್ಲಿ ಅವರಿಬ್ಬರನ್ನು ಕಟ್ಟಿದ ಗಂಟು ಸಾವಿನಾಚೆಗೂ ಬಿಚ್ಚುವಂಥದ್ದಲ್ಲ. ಆದರೆ ಗಂಡ ಬಾಗಿಲಲ್ಲೇ ಸುಳ್ಳು ಹೇಳಿ ಒಳಗೆ ಬಂದಿದ್ದರೆ? ಆಗ ಆ ಗಂಟಿನ ಒಂದು ತುದಿಯಲ್ಲಿ ತಾನಿದ್ದೇನೆ, ಇನ್ನೊಂದು ತುದಿಯಲ್ಲಿ ಯಾರೂ ಇಲ್ಲ. ಸತ್ತ ಮೇಲೆ ಕಣ್ಣು ಬಿಟ್ಟು ನೋಡಿದರೆ ಪಕ್ಕದ ಜಾಗ ಖಾಲಿ. ಈ ಯೋಚನೆ ಬಂದ ರಾತ್ರಿಗಳಲ್ಲಿ ಆರ್ಡೆತ್ ಕೈಚಾಚಿ ಪಕ್ಕದಲ್ಲಿ ಮಲಗಿದವನನ್ನು ಮುಟ್ಟಿ ನೋಡುತ್ತಿದ್ದಳು. ಅವನನ್ನು ಅವಳು ಅಷ್ಟು ಪ್ರೀತಿಸುತ್ತಿದ್ದಳು. ಪ್ರೀತಿಯಿರುವುದಕ್ಕೇ ಪತ್ತೇದಾರಿಕೆ.

ಪತ್ತೇದಾರಿಕೆಗೇನೂ ಕೊರತೆಯಿರಲಿಲ್ಲ. ಗಣಿಯಿಂದ ಅವನು ಮನೆಗೆ ಬಂದ ಪ್ರತಿ ಸಂಜೆ ಫ್ಲಾಸ್ಕಿನ ಮುಚ್ಚಳ ತೆಗೆದು ಮೂಸುತ್ತಿದ್ದಳು, ಕಾಫಿಯೇನಾದರೂ ಉಂಟೇ ಎಂದು. ಯಾವತ್ತೂ ಹುರಿದ ಗೋಧಿಯ ಕಷಾಯದ ವಾಸನೆಯೇ. ಆಂಟನ್‌ಗೆ ಇದು ಗೊತ್ತಿತ್ತು. ಕೊನೆಕೊನೆಗೆ ಅವನೇ ಮುಚ್ಚಳ ತೆಗೆದು ಅವಳ ಮೂಗಿನ ಹತ್ತಿರ ಹಿಡಿಯುತ್ತಿದ್ದ. "ತಗೊಳ್ಳಮ್ಮ, ತಪಾಸಣೆ ಮಾಡು." ಒಮ್ಮೆ ಗಣಿಯ ಸೈರನ್ ಕೂಗಿದಾಗ ಅವನ ಬಲಗೈ ತಾನಾಗಿ ಹಣೆಯತ್ತ ಎದ್ದು ಅರ್ಧದಲ್ಲಿ ನಿಂತದ್ದನ್ನು ಅವಳು ನೋಡಿದ್ದಳು. ಕ್ಯಾಥೊಲಿಕ್ಕರ ಶಿಲುಬೆ! ಆ ಅರ್ಧ ಶಿಲುಬೆಯನ್ನು ಅವಳು ಮೂವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಗಿರಣಿಗೆ ಒಂದು ಜೋಡಿ ಬಂತು. ಹುಡುಗಿ ಕೆನ್ನಾ ಈ ಕಡೆಯವಳೇ, ಮಾತಿನಲ್ಲೇ ತಿಳಿಯುತ್ತಿತ್ತು. ಜೊತೆಗಿದ್ದ ಕೋಡಿ ಲಾರಿ ಓಡಿಸುವವನು. ಅವನ ಜೀನ್ಸಿನ ಹಿಂದಿನ ಜೇಬಿನಲ್ಲಿ ಹೊಗೆಸೊಪ್ಪಿನ ಡಬ್ಬಿ ಒತ್ತಿ ಒತ್ತಿ ಬಿದ್ದ ದುಂಡನೆಯ ಗುರುತು. ಡಬ್ಬಿ ಇರಲಿಲ್ಲ, ಗುರುತು ಉಳಿದಿತ್ತು.

"ಬರೋ ಶನಿವಾರ ಇವನಿಗೆ ದೀಕ್ಷಾಸ್ನಾನ, ಸಿಸ್ಟರ್ ಕ್ರಾಲ್!" ಎಂದಳು ಕೆನ್ನಾ, ಮುಖವೆಲ್ಲ ಬೆಳಕಾಗಿ.

"ಹೌದಾ? ಮದುವೆ ಯಾವಾಗ?" ಎಂದಳು ಆರ್ಡೆತ್.

"ಮುಂದಿನ ವರ್ಷ."

"ಅನ್ಕೊಂಡೆ," ಎಂದಳು ಆರ್ಡೆತ್.

ಕೆನ್ನಾ ಮಗ್ಗ ನೋಡಲು ಪಕ್ಕದ ಮನೆಗೆ ಹೋದಳು. ಆಂಟನ್ ಕೋಡಿಯನ್ನು ಕೆಳಗಿನ ಅಂತಸ್ತಿಗೆ ಕರೆದೊಯ್ದ. ಆರ್ಡೆತ್ ಮೇಲಿನ ಅಂತಸ್ತಿನಲ್ಲಿ ಗೋಧಿ ಸುರಿಯುವ ಕೊಳವೆಯ ಹತ್ತಿರ ಹೋಗಿ ಧೂಳು ಒರೆಸತೊಡಗಿದಳು. ಕೆಳಗಿನ ಪಿಸುಮಾತೂ ಆ ಕೊಳವೆಯಲ್ಲಿ ಸ್ಪಷ್ಟವಾಗಿ ಮೇಲೆ ಬರುತ್ತದೆ. ಅಲ್ಲಿ ಧೂಳು ಜಾಸ್ತಿ ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು.

"ಎಲ್ಡರ್ ಕ್ರಾಲ್, ಬೇಜಾರು ಮಾಡ್ಕೋಬೇಡಿ, ಒಂದು ಮಾತು," ಎಂದ ಕೋಡಿ. "ನೀವು ಅವರಿಗೋಸ್ಕರ ತಾನೇ ಇದಕ್ಕೆ ಸೇರಿದ್ದು?"

"ಹೂಂ ಕಣಪ್ಪ," ಎಂದ ಆಂಟನ್, ಸ್ವಲ್ಪವೂ ತಡವರಿಸದೆ. "ಅವಳಿಗೋಸ್ಕರವೇ ನೀರಿಗಿಳಿದೆ."

ಧೂಳಿನ ಬಟ್ಟೆ ಆರ್ಡೆತ್‌ಳ ಕೈಯಿಂದ ಬಿತ್ತು. ಸಿಟ್ಟು ನುಗ್ಗಿ ಬಂತು. ಮಂಡಿನೋವನ್ನೂ ಮರೆತು ಮೆಟ್ಟಿಲಿಳಿದು ಬಂದು ಬೀಸುಗಲ್ಲಿನ ಪಕ್ಕ ನಿಂತಳು.

"ಐವತ್ತು ವರ್ಷ!" ಎಂದಳು. "ಐವತ್ತು ವರ್ಷ ಕಾದೆ, ನೀನು ಯಾವತ್ತಾದ್ರೂ ನಿಜ ಹೇಳ್ತೀಯ ಅಂತ. ಹೇಳಿದ್ದು ದಾರೀಲಿ ಹೋಗೋ ಲಾರಿಯವನಿಗೆ!"

"ಮೇಲೆ ಧೂಳು ಹೊಡೀತಿದ್ಯಾ?" ಎಂದ ಆಂಟನ್.

"ಮಾತು ತಿರುಗಿಸ್ಬೇಡ. ಅಪ್ಪನ ಪ್ಯಾಂಟು ಯಾಕೆ ಒದ್ದೆಯಾಗಿತ್ತು? ನೀನು ಓಡಿಹೋಗ್ತಿದ್ದೆ, ಅವನು ಎಳ್ಕೊಂಡು ಬಂದ, ಅಲ್ವಾ? ಹೇಳು!"

ಕೋಡಿ ಬಾಗಿಲ ಕಡೆ ಸರಿದ. "ನಿಲ್ಲಪ್ಪ, ನಿನಗೂ ಬೇಕಾದ ಮಾತು," ಎಂದು ಆಂಟನ್ ಅವನನ್ನು ತಡೆದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಎಳ್ಕೊಂಡು ಬರೋಕಲ್ಲ ಕಣೇ, ಕಳಿಸೋಕೆ ಬಂದ. ಮೂರನೇ ಸಲ ಬೆರಳು ಮೇಲೆ ಬಂದಾಗ ನಿಮ್ಮಪ್ಪ ಕೂಗಲಿಲ್ಲ. ಬೂಟು ಸಮೇತ ನೀರಿಗಿಳಿದು ಬಂದ. ನನ್ನ ಕಿವೀಲಿ ಹೇಳ್ದ, 'ಸಾಕು ಮಾಡು ಹುಡುಗ. ಅವಳಿಗೋಸ್ಕರ ದೇವರ ಹತ್ರ ಸುಳ್ಳು ಹೇಳ್ಬೇಡ. ಹುಡುಗೀನ ಹಾಗೇ ಕೊಡ್ತೀನಿ. ಕೋರ್ಟಲ್ಲಾಗಲಿ, ನಿಮ್ಮ ಪಾದ್ರಿ ಹತ್ರ ಆಗಲಿ, ನಾನೇ ಬಂದು ನಿಲ್ತೀನಿ. ಹೋಗಿ ಬಟ್ಟೆ ಹಾಕ್ಕೋ.'"

"ಅಪ್ಪ? ನಮ್ಮಪ್ಪ?"

"ನಿಮ್ಮಪ್ಪನೇ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ. ಬಿಷಪ್ಪನ ಬಲಗೈ ಹಾಗಂದ ಅಂದ್ರೆ ಊರಲ್ಲಿ ತಲೆ ಎತ್ತೋಕಾಗ್ತಿತ್ತಾ?" ಆಂಟನ್ ಮುಖ ಒರೆಸಿಕೊಂಡ. "ನಾನು ಬಂದ ಕೆಲಸ ಆಯ್ತು ಅಂತ ದಡದ ಕಡೆ ತಿರುಗಿದೆ. ಅಮ್ಮ ಖುಷಿಪಡ್ತಾಳೆ, ಮನೆಗೆ ಹೋಗಿ ಬಿಸಿ ಕಾಫಿ ಕುಡೀಬಹುದು ಅಂತ್ಲೂ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಕಾಲು ಬರಲಿಲ್ಲ. ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ, ಏನೂ ಇಲ್ಲ. ಹೋದ್ರೆ ನನ್ನದೇನೋ ಈ ನೀರಲ್ಲೇ ಬಿಟ್ಟು ಹೋಗ್ತೀನಿ ಅನ್ನಿಸ್ತು, ಅಷ್ಟೇ. ರೂಲನ್‌ಗೆ ಹೇಳ್ದೆ, ಇನ್ನೊಮ್ಮೆ ಮುಳುಗಿಸು ಅಂತ. ಮೊದಲ ಮೂರು ನಿನಗೋಸ್ಕರ ಆರ್ಡೆತ್. ನಾಲ್ಕನೇದು ನನ್ನದು."

ಆರ್ಡೆತ್ ಬೀಸುಗಲ್ಲಿಗೆ ಕೈಯಾನಿಸಿದಳು. ತೊಡೆಯವರೆಗೆ ಒದ್ದೆಯಾದ ಆ ಪ್ಯಾಂಟು, ಒಲೆಯ ಮುಂದೆ ನಿಂತು ಹಬೆಯಾಡುತ್ತಿದ್ದ ಅಪ್ಪ, ಆವತ್ತಿನಿಂದ ಸಾಯುವವರೆಗೂ ಅಳಿಯನ ಬಗ್ಗೆ ಒಂದು ಕೆಟ್ಟ ಮಾತು ಆಡದಿದ್ದ ಅದೇ ಅಪ್ಪ. ಎಲ್ಲ ಸರಿಯಾಗಿ ಕೂತಿತು. ಅವಳಿಗೆ ಅಳು ಬಂತು. ಆದರೂ ಹುಟ್ಟುಗುಣ ಬಿಡಬೇಕಲ್ಲ.

"ಆಣೆ ಹಾಕಿಸ್ಕೊಂಡೋನು ಸತ್ತು ಎಷ್ಟೋ ವರ್ಷ ಆಯ್ತು. ಆಮೇಲಾದ್ರೂ ಹೇಳ್ಬಹುದಿತ್ತು. ಇನ್ನೂ ಏನೋ ಇದೆ," ಎಂದಳು.

ಆಂಟನ್ ತನ್ನ ಬೂಟನ್ನೇ ನೋಡುತ್ತ ನಿಂತ.

"ಇದೆ," ಎಂದ. "ನಾಲ್ಕನೇ ಸಲ ಕೆಳಗೆ ಹೋದಾಗಲೂ ಬೆರಳಿಗೆ ಗಾಳಿ ತಾಗ್ತು. ತಣ್ಣಗೆ. ನನಗೆ ಚೆನ್ನಾಗಿ ಗೊತ್ತಾಯ್ತು. ನಿಮ್ಮಪ್ಪ ಅದನ್ನೇ ನೋಡ್ತಾ ನಿಂತಿದ್ದ, ಮಾರು ದೂರದಲ್ಲಿ. 'ಸರಿ' ಅಂದ. ಹೇಗೆ ಹೇಳ್ಲಿ ನಿನಗೆ? ನಿನ್ನ ಕಾನೂನಿನ ಪ್ರಕಾರ ನಾನು ಇನ್ನೂ ಮುಳುಗೇ ಇಲ್ಲ."

ಕೋಡಿ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದ.

"ಹಾಗಾದ್ರೆ... ಅದು ಲೆಕ್ಕಕ್ಕಿಲ್ವಾ ಸಿಸ್ಟರ್?"

ನಿಯಮ ಆರ್ಡೆತ್‌ಗೆ ಬಾಯಿಪಾಠ. ಭಾನುವಾರದ ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಅದನ್ನೇ ಹೇಳಿಕೊಟ್ಟಿದ್ದಳು: ಒಂದು ಕೂದಲೂ ಇಲ್ಲ, ಒಂದು ಬೆರಳೂ ಇಲ್ಲ. ಆಂಟನ್ ತಲೆ ಎತ್ತಲಿಲ್ಲ. ಐವತ್ತು ವರ್ಷ ಫ್ಲಾಸ್ಕು ಮೂಸಿಸಿಕೊಂಡ ಮನುಷ್ಯ, ಈಗ ಅವಳ ಬಾಯಿಂದ ಬರುವ ಒಂದು ಮಾತಿಗೆ ಕಾದು ನಿಂತಿದ್ದ. ಅವನಿಗೂ ತನ್ನಷ್ಟೇ ಭಯವಿತ್ತು, ತನ್ನಷ್ಟೇ ವರ್ಷ, ಎಂಬುದು ಅವಳಿಗೆ ಆಗಲೇ ಹೊಳೆದದ್ದು.

"ನಮ್ಮಪ್ಪ," ಎಂದಳು ಕೋಡಿಗೆ, ಗಟ್ಟಿಯಾಗಿ, "ಗುಡ್ಡದ ಆ ತುದೀಲಿರೋ ಕುರಿ ಕುಂಟೋದನ್ನ ಈ ತುದಿಯಿಂದ ಹೇಳೋನು. ಅವನು ಸರಿ ಅಂದಿದ್ದಾನೆ ಅಂದ್ರೆ ಮುಳುಗಿತ್ತು."

"ಆರ್ಡೆತ್, ನನಗೆ ಗಾಳಿ..."

"ಚಳಿಗೆ ಮರಗಟ್ಟಿದ ಬೆರಳಿಗೆ ಏನು ಗೊತ್ತಾಗತ್ತೆ? ಸುಮ್ನಿರು. ಮುಳುಗಿತ್ತು."

ಕೆನ್ನಾ ಮಗ್ಗದ ಮನೆಯಿಂದ ಕೂಗಿದಳು, ಕೋಡಿ ಹೊರಟ. ಬಾಗಿಲಲ್ಲಿ ಅವನ ಕೈ ಗೋಧಿಯ ತೊಟ್ಟಿಯೊಳಗೆ ಹೋದದ್ದನ್ನು ಆರ್ಡೆತ್ ನೋಡಿದಳು, ಏನೂ ಅನ್ನಲಿಲ್ಲ. ಸಂಜೆ ಗಿರಣಿಗೆ ಬೀಗ ಹಾಕಿದ ಮೇಲೆ ಆಂಟನ್ ಅಭ್ಯಾಸಬಲದಿಂದ ಫ್ಲಾಸ್ಕಿನ ಮುಚ್ಚಳ ತೆಗೆದು ಅವಳ ಮೂಗಿನ ಹತ್ತಿರ ಹಿಡಿದ. ಅವಳು ಅವನ ಕೈಯಿಂದ ಮುಚ್ಚಳ ತೆಗೆದುಕೊಂಡು, ಮೂಸದೆ, ಬಿಗಿಯಾಗಿ ತಿರುಗಿಸಿ ಹಾಕಿದಳು.