ಬಲಗೆನ್ನೆಯ ನೋವು, ಖಾರದ ಮೇಲೆ ಅಪವಾದ

ಮೊದಲ ಸಲ ನೋವು ಬಂದಾಗ ಹಲ್ಲುನೋವು ಅಂದುಕೊಂಡೆ. ಬಲಗಡೆ, ಮೇಲಿನ ದವಡೆ. ಅಲ್ಲಿಂದ ಕೆನ್ನೆಯ ಎಲುಬಿಗೆ, ಕಣ್ಣಿನ ಹಿಂದಕ್ಕೆ, ಹುಬ್ಬಿನ ಮೇಲಕ್ಕೆ. ಬಲಗಣ್ಣಿನಲ್ಲಿ ನೀರು, ಬಲ ಮೂಗು ಬಂದ್. ಎಡಗಡೆ ಏನೂ ಇಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ಎರಡೂ ಕೆನ್ನೆ ಒಂದೇ ಥರ. ಅದೇ ನನ್ನ ಕರ್ಮವಾಯಿತು. ಬಾತಿದ್ದರೆ, ಕೆಂಪಾಗಿದ್ದರೆ ಜನ ನಂಬುತ್ತಿದ್ದರು.

ನಾನು ಬ್ಯಾಡಗಿಯವಳು. ಹಿತ್ತಲಿನ ಶೆಡ್ಡಿನಲ್ಲಿ ಮಸಾಲೆ ಖಾರ ಮಾಡಿ ಮಾರುತ್ತೇನೆ. ಮೆಣಸಿನಕಾಯಿ ಹುರಿದು, ಕೊತ್ತಂಬರಿ ಕಾಳು, ಒಣಕೊಬ್ಬರಿ, ಬೆಳ್ಳುಳ್ಳಿ ಎಲ್ಲ ಸೇರಿಸಿ ಯಂತ್ರದಲ್ಲಿ ಕುಟ್ಟುವುದು. ಹಾವೇರಿ, ರಾಣೆಬೆನ್ನೂರಿನವರು ವರ್ಷಕ್ಕಾಗುವಷ್ಟು ಹೇಳಿ ಮಾಡಿಸಿಕೊಂಡು ಹೋಗುತ್ತಾರೆ. ನನ್ನ ಹೆಸರು ಕೇಳಿಕೊಂಡು ಬರುತ್ತಾರೆ, ಗಂಡನ ಹೆಸರನ್ನಲ್ಲ. ಇಷ್ಟು ಹೇಳಿದರೆ, ನನ್ನ ನೋವಿಗೆ ಮನೆಯಲ್ಲಿ ಏನು ಕಾರಣ ಹುಡುಕಿದರು ಅಂತ ನಿಮಗೇ ತಿಳಿಯುತ್ತದೆ.

"ಖಾರದ ಘಾಟು ತಲಿಗೇರೇತಿ, ಮತ್ತೇನಿಲ್ಲ," ಎಂದರು ಅತ್ತೆ.

ಬ್ಯಾಡಗಿಯಲ್ಲಿ ಸೀನಿದರೂ ಘಾಟು, ಕೆಮ್ಮಿದರೂ ಘಾಟು. ಹೊಟ್ಟೆ ಕೆಟ್ಟರೂ ಅದರ ಮೇಲೇ ಹಾಕುತ್ತಾರೆ. ಊರಿಗೆಲ್ಲ ಅನ್ನ ಹಾಕುವ ಮೆಣಸಿನಕಾಯಿಯ ಮೇಲೆ ಊರಿನವರದೇ ಅಪವಾದ.

ರಾಣೆಬೆನ್ನೂರಿನ ಹಲ್ಲಿನ ಡಾಕ್ಟರು ಎಕ್ಸ್‌ರೇ ನೋಡಿ, "ಹಲ್ಲು ಚಲೋ ಅದಾವಲ್ರಿ," ಎಂದರು. ನಾನೇ ಹಟ ಹಿಡಿದು ಒಂದು ದವಡೆ ಹಲ್ಲು ಕೀಳಿಸಿಕೊಂಡೆ. ಆ ನೋವಿನಲ್ಲಿ ಯಾರಾದರೂ ಮೂಗು ಕೊಯ್ಯುತ್ತೇನೆ ಅಂದಿದ್ದರೂ ಹೂಂ ಅನ್ನುತ್ತಿದ್ದೆ. ಹಲ್ಲು ಹೋಯಿತು. ನೋವು ಇದ್ದಲ್ಲೇ ಇತ್ತು.

ಆಮೇಲೆ ಇಎನ್‌ಟಿ. ಸಿಟಿ ಸ್ಕ್ಯಾನ್. ಬಲಗಡೆ ಸೈನಸ್‌ನಲ್ಲಿ ಸ್ವಲ್ಪ ಬಾವು ಇದೆ, ಮೂಗಿನ ನಡುವಿನ ಎಲುಬು ಸೊಟ್ಟಗಿದೆ, ಆಪರೇಷನ್ ಮಾಡಿದರೆ ನೋವು ಕಡಿಮೆಯಾಗಬಹುದು ಎಂದರು. ಖಾತ್ರಿ ಕೊಡಲಿಲ್ಲ. ನಾವು ಕೇಳಲೂ ಇಲ್ಲ. ಮೂಗಿನ ತುಂಬ ಹತ್ತಿ ತುಂಬಿಸಿಕೊಂಡು, ಬಾಯಿಂದ ಉಸಿರಾಡುತ್ತ ಆಸ್ಪತ್ರೆಯಲ್ಲಿ ಮಲಗಿದ್ದೆ. ಮನೆಗೆ ಬಂದವಳೇ ಶೆಡ್ಡಿನ ಬಾಗಿಲು ತೆರೆದೆ.

ಯಂತ್ರ ಇರಲಿಲ್ಲ.

ನಮ್ಮ ಮನೆಯವರು ಮಾರಿಬಿಟ್ಟಿದ್ದರು.

"ನಿನ್ನ ಚಲೋಕ್ಕ ಮಾಡೇನಿ, ಗಿರಿಜಾ. ಅದು ಕಣ್ಣ ಮುಂದಿದ್ರ ನೀ ಸುಮ್ನ ಕೂಡಾಕಿ ಅಲ್ಲ."

"ನನ್ನ ಒಂದ್ ಮಾತು ಕೇಳಾಕ ಏನಾಗಿತ್ರಿ?"

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

ಮೂಗಿನ ಮೇಲೆ ಒತ್ತಡ ಬೀಳಬಾರದು, ಅಳಬೇಡಿ ಎಂದು ನರ್ಸ್ ಹೇಳಿ ಕಳಿಸಿದ್ದರು. ಆ ಸುಖವೂ ಇಲ್ಲ.

ಮುಂದಿನ ತಿಂಗಳುಗಳಲ್ಲಿ ಮನೆಯೊಳಗೆ ಒಗ್ಗರಣೆಗೂ ಮೆಣಸಿನಕಾಯಿ ಬರಲಿಲ್ಲ. ಫೋನ್ ಮಾಡಿದ ಗಿರಾಕಿಗಳಿಗೆ ಅತ್ತೆ, "ಆಕಿ ಬಿಟ್ಟಾಳ್ರಿ," ಎಂದು ಹೇಳುತ್ತಿದ್ದರು. ನಾನು ಬಿಟ್ಟಿರಲಿಲ್ಲ, ಬಿಡಿಸಿದ್ದರು. ಕಾಯಿಲೆಯಾದವರ ಪರವಾಗಿ ಮಾತಾಡುವ ಹಕ್ಕು ಮನೆಯಲ್ಲಿ ಎಲ್ಲರಿಗೂ ಇರುತ್ತದೆ, ಕಾಯಿಲೆಯಾದವರಿಗೆ ಮಾತ್ರ ಇರುವುದಿಲ್ಲ ಎಂಬುದನ್ನು ನಾನು ಆಗ ಕಲಿತೆ. ಬೇರೆಯವರ ಮನೆಯಲ್ಲಿ ಹೇಗೋ ಏನೋ, ನಮ್ಮ ಮನೆಯ ಮಾತು ಹೇಳುತ್ತಿದ್ದೇನೆ.

ಒಂದು ದಿನ ಚಪಾತಿ ಲಟ್ಟಿಸುವಾಗ ನೋವು ಮತ್ತೆ ಬಂತು. ಅದೇ ಬಲಗಡೆ. ಖಾರದ ವಾಸನೆಯೂ ಇಲ್ಲದ ಮನೆಯಲ್ಲಿ.

ನಿಜ ಹೇಳುತ್ತೇನೆ, ನೋವಿನ ಜೊತೆಗೆ ಒಂದು ಕೆಟ್ಟ ಖುಷಿಯೂ ಆಯಿತು.

ಅತ್ತೆ ಸೋಲಲಿಲ್ಲ. ದೃಷ್ಟಿಯಾಗಿದೆ ಎಂದರು. ಪಕ್ಕದ ಮನೆಯಿಂದ ಮೆಣಸಿನಕಾಯಿ ಈಸಿಕೊಂಡು ಬಂದು, ಉಪ್ಪಿನ ಜೊತೆ ನನ್ನ ಮುಖಕ್ಕೆ ನಿವಾಳಿಸಿ ಒಲೆಗೆ ಹಾಕಿದರು. "ನೋಡು, ಒಂಚೂರೂ ಘಾಟು ಬರಲಿಲ್ಲ. ದೃಷ್ಟಿ ಭಾಳ ಆಗೇತಿ."

"ಅತ್ತಿ, ಮೊದ್ಲು ಘಾಟು ಬಂತಂತ ನೋವು. ಈಗ ಬರಲಿಲ್ಲಂತ ನೋವೇನ್ರಿ?"

ಅವರು ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು.

ಕೊನೆಗೆ ಹಾವೇರಿಯಲ್ಲಿ ನರರೋಗದ ಡಾಕ್ಟರೊಬ್ಬರಿಗೆ ತೋರಿಸಿದೆವು. ನನಗಿಂತ ಸಣ್ಣ ವಯಸ್ಸಿನ ಹೆಣ್ಣುಮಗಳು. ಎಂಆರ್‌ಐ ನೋಡಿದರು, ಹಳೆಯ ರಿಪೋರ್ಟು ನೋಡಿದರು, ನನ್ನನ್ನೂ ನೋಡಿದರು.

"ಸೈನಸ್ ಈಗ ಸ್ವಚ್ಛ ಅದಾವ್ರಿ. ಮೈಗ್ರೇನ್ ಇರಬಹುದು, ನರದ ನೋವೂ ಇರಬಹುದು. ಇದ ಅಂತ ಪಕ್ಕಾ ಹೇಳಾಕ ನಂಗ ಗೊತ್ತಾಗವಲ್ದು. ಮಾತ್ರಿ ಕೊಡ್ತೇನಿ, ನೋಡೋಣ."

ಗೊತ್ತಾಗುತ್ತಿಲ್ಲ ಅಂದವರು ಅವರೊಬ್ಬರೇ. ನನಗೆ ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು.

"ಖಾರ ಕುಟ್ಟಿದ್ದಕ್ಕ ಬಂದೈತೇನ್ರಿ?" ಎಂದು ಕೇಳಿದೆ.

"ಅನ್ಸೂದಿಲ್ರಿ. ಘಾಟಿಗೆ ಹೆಚ್ಚಾಗಬಹುದು, ಮಾಸ್ಕ್ ಹಾಕ್ಕೊಳ್ರಿ. ಆದ್ರ ನೀವು ಕುಟ್ಟೂದು ಬಿಟ್ಟ ಮ್ಯಾಲೂ ಬಂತಲ್ಲ?"

ಪಕ್ಕದಲ್ಲಿ ನಮ್ಮ ಮನೆಯವರು ನೆಲ ನೋಡುತ್ತ ಕೂತಿದ್ದರು. ಬಸ್ಸಿನಲ್ಲಿ ಅವರೇ ಮೆಲ್ಲಗೆ, "ಯಂತ್ರ ಹೊಸಾದು ತರೋಣಂತ," ಎಂದರು.

"ತರ್ರಿ," ಎಂದೆ. ಅದಕ್ಕಿಂತ ಹೆಚ್ಚು ಬಾಯಿ ತೆರೆದಿದ್ದರೆ ಬಸ್ಸಿನವರೆಲ್ಲ ಕೇಳಬೇಕಾಗುತ್ತಿತ್ತು.

ಮಾತ್ರೆಗೆ ನಿದ್ದೆ ಹೆಚ್ಚು, ಮರೆವೂ ಬಂದಿದೆ. ನೋವು ಪೂರ್ತಿ ಹೋಗಿಲ್ಲ, ಮೊದಲಿನಷ್ಟು ಬರುವುದಿಲ್ಲ. ಅಷ್ಟಕ್ಕೆ ಆ ಡಾಕ್ಟರಿಗೆ ಕೈ ಮುಗಿಯುತ್ತೇನೆ. ನಮ್ಮ ಮನೆಯವರನ್ನು ಕ್ಷಮಿಸಿದ್ದೇನೆ ಅಂತಲ್ಲ. ಹೊಸ ಯಂತ್ರ ಬಂದರೂ ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ಬೇರೆ ಕಡೆ ಹೋದವರು ತಿರುಗಿ ಬಂದಿಲ್ಲ.

ಮೊನ್ನೆ ಮೆಣಸಿನಕಾಯಿ ಹುರಿಯುವಾಗ ಕೆನ್ನೆ ಹಿಡಿದುಕೊಂಡಿತು. ಒಲೆ ಆರಿಸಲಿಲ್ಲ. ನಮ್ಮ ಮನೆಯವರು ಬಂದರು. ಇನ್ನು ಬೈಗುಳ ಶುರು ಅಂದುಕೊಂಡೆ. ಅವರು ನನ್ನ ಕೈಯಿಂದ ಸೌಟು ತೆಗೆದುಕೊಂಡು ಒಲೆಯ ಮುಂದೆ ಕೂತರು.

"ಎಷ್ಟು ಹುರೀಬೇಕು? ನೀ ಹೇಳು, ನಂಗ ತಿಳಿಯೂದಿಲ್ಲ."

ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಮನುಷ್ಯ ನನ್ನನ್ನು ಕೇಳಿದ್ದು ಅದೇ ಮೊದಲು. ಕೆನ್ನೆ ಒತ್ತಿ ಹಿಡಿದುಕೊಂಡೇ ಪಕ್ಕದಲ್ಲಿ ಕೂತು ಹೇಳಿದೆ.