ಅಪ್ಪ ನಗಿಸಿದ ಏಳು ವಾರ

ಅಪ್ಪ ಎರ್ನಾಕುಲಂನ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದರು. ಕಾಸರಗೋಡಿನಿಂದ ವರ್ಗವಾಗಿ ಬಂದ ನಾವು ಅದೇ ಊರಿನ ಕಲೂರು ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ನನಗೆ ಹತ್ತು ತುಂಬುವವರೆಗೆ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಎಪ್ಪತ್ತರ ದಶಕದ ಆರಂಭದ ಒಂದು ಬೆಳಿಗ್ಗೆ ಅಪ್ಪ ತಟ್ಟೆಯ ಇಡ್ಲಿಯನ್ನೆತ್ತಿ ತಲೆಯ ಮೇಲಿಟ್ಟುಕೊಂಡು, "ಜಡ್ಜರು ಬಂದರು, ಎಲ್ಲ ಏಳಿ!" ಎಂದರು. ಹೆದರಿ ಎದ್ದು ನಿಂತೆವು. ಅವರು ನಗತೊಡಗಿದ ಮೇಲೆಯೇ ತಮಾಷೆಯೆಂದು ಗೊತ್ತಾದದ್ದು. ಅಮ್ಮ ಸೆರಗು ಬಾಯಿಗೊತ್ತಿ ನಕ್ಕಳು.

ದಿನಕ್ಕೊಂದು ಜೋಕು ಶುರುವಾಯಿತು. ಬೆಳಗಾದರೆ ಅಪ್ಪನಿಗೆ ತಲೆನೋವು, ವಾಂತಿಯೂ ಇತ್ತು. ಅಮ್ಮ ಪಿತ್ತವೆಂದು ಜೀರಿಗೆ ಕಷಾಯ ಕುಡಿಸಿದಳು. ನಾವಂತೂ ಇಂಥ ಅಪ್ಪ ಸಿಕ್ಕಿದರಲ್ಲ ಎಂದು ಹಿಗ್ಗಿದ್ದೆವು.

ಏಳನೆಯ ವಾರ ಮನೆಯೊಡೆಯರ ತಾಯಿ ತೀರಿಕೊಂಡರು. ಹೆಣದ ಮುಂದೆ ಎಲ್ಲರೂ ಅಳುತ್ತಿದ್ದಾಗ ಅಪ್ಪ ಕೋರ್ಟಿನ ಜವಾನನ ಧಾಟಿಯಲ್ಲಿ, "ಅಮ್ಮ ಹಾಜರುಂಡೋ? ಹಾಜರುಂಡೋ?" ಎಂದು, ಹಾಜರಿದ್ದಾರೋ ಎಂದು ಮಲಯಾಳದಲ್ಲಿ ಮೂರು ಸಲ ಕೂಗಿ, "ಗೈರುಹಾಜರು!" ಎಂದು ಬಿದ್ದು ಬಿದ್ದು ನಕ್ಕರು. ನಾಲ್ವರು ಹಿಡಿದು ಹೊರಗೆ ತಂದಾಗ ಅವರು ಉಟ್ಟ ಮುಂಡು ಒದ್ದೆಯಾಗಿತ್ತು. ಅದು ಅವರಿಗೆ ತಿಳಿದೇ ಇರಲಿಲ್ಲ.

ತಿರುವನಂತಪುರದ ಆಸ್ಪತ್ರೆಯಲ್ಲಿ ಪರೀಕ್ಷೆಗಳಾದ ಮೇಲೆ ಡಾಕ್ಟರು ಅಮ್ಮನನ್ನು ಕೂರಿಸಿಕೊಂಡು ಹೇಳಿದರು: ಹಣೆಯ ಹಿಂದೆ ನಿಂಬೆಹಣ್ಣಿನಷ್ಟು ಗಡ್ಡೆಯಿದೆ, ಯಾವಾಗ ಏನು ಆಡಬೇಕು, ಆಡಬಾರದು ಎಂದು ತಡೆದು ಹಿಡಿಯುವ ಭಾಗವನ್ನು ಅದು ಒತ್ತುತ್ತಿದೆ, ಮೂತ್ರದ ಹಿಡಿತ ತಪ್ಪಿದ್ದೂ ಅದರಿಂದಲೇ.

ಅಮ್ಮ ಕೇಳಿದಳು: "ಹಾಗಾದರೆ ಆ ನಗು ಇವರದ್ದಲ್ವಾ ಡಾಕ್ಟರೇ?"

"ನಗು ಅವರದ್ದೇ. ತಡೆ ಮಾತ್ರ ಹೋಗಿದೆ," ಎಂದರು ಡಾಕ್ಟರು.

ಆಪರೇಷನ್ನಿಗೆ ತಲೆ ಬೋಳಿಸಲು ಬಂದವನಿಗೆ ಅಪ್ಪ, "ಮೀಸೆಗೆ ಸ್ಟೇ ಉಂಟು ಮಾರಾಯ," ಎಂದರು. ಅದೇ ಕೊನೆಯ ಜೋಕು.

ಗಡ್ಡೆ ಪೂರ್ತಿ ಹೊರಗೆ ಬಂತು, ಕೆಟ್ಟ ಜಾತಿಯದ್ದಲ್ಲ ಎಂದರು. ಎರಡು ವಾರದ ಮೇಲೆ ನಾನು ಆಸೆಯಿಂದ ಆ ಏಳು ವಾರದ ಜೋಕುಗಳನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಕಣ್ಣುಮುಚ್ಚಿ ಕೇಳಿ, "ಆ ಮನೆಯವರ ಹತ್ತಿರ ಕ್ಷಮೆ ಕೇಳಿದ್ದೀರಾ?" ಎಂದರು.

ಕಲೂರಿಗೆ ಮರಳಿದ ಮರುದಿನವೇ ಕರಿ ಕೋಟು ಹಾಕಿ, ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಆ ಮನೆಗೆ ಹೋಗಿ, ಕೈಮುಗಿದು ನಿಂತರು. ಮನೆಯೊಡೆಯರು ಅವರ ಕೈ ಹಿಡಿದು, "ಅಮ್ಮ ಕೇಳಿಸಿಕೊಂಡಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು ಸಾರ್," ಎಂದರು. ಅಪ್ಪ ನಗಲಿಲ್ಲ.

ಗೇಟು ದಾಟಿದ್ದೇ ಅಮ್ಮನಿಗೆ ತಡೆಯಲಾರದ ನಗು ಬಂತು. ಬೇಲಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಪ್ಪ ರಸ್ತೆಯ ಬದಿಯಲ್ಲಿ ನಿಂತು ಅವಳ ತಲೆಯ ಮೇಲೆ ಕೊಡೆ ಹಿಡಿದು, ನಗು ಮುಗಿಯುವವರೆಗೆ ಕಾದರು.