ಇನ್ನೂ ಹಸಿ ಐತ್ರಿ

ಮೊನ್ನೆ ಕೇಶ್ವಾಪುರದಲ್ಲಿ ಬೇಸಿಗೆಗೆಂದು ಒಂದು ಹೊಸ ಮಣ್ಣಿನ ಗಡಿಗೆ ಕೊಂಡೆ. ಮನೆಗೆ ತಂದು ಒಂದು ತಂಬಿಗೆ ನೀರು ಹಾಕಿದ್ದೇ ತಡ, ಆ ವಾಸನೆ ಬಂತು. ಮಂದಿ ಅದನ್ನು ಮೊದಲ ಮಳೆಯ ವಾಸನೆ ಅಂತ ಮೂಗು ತುಂಬಾ ಎಳೆದುಕೊಳ್ಳುತ್ತಾರೆ. ನಾನು ಮಾತ್ರ ಗಡಿಗೆಯನ್ನು ಕಟ್ಟೆಯ ಮೇಲಿಟ್ಟು ಅಲ್ಲೇ ಕೆಳಗೆ ಕೂತುಬಿಟ್ಟೆ. ಪಕ್ಕದ ಮಾಳಿಗೆಯ ಕಾಕಾ ನೆನಪಾಗಿದ್ದರು...

ನವನಗರದಲ್ಲಿ ನಾನಿರುವುದು ಮೇಲಿನ ಬಾಡಿಗೆ ಮನೆ. ಆಫೀಸು ಧಾರವಾಡದಲ್ಲಿ, ಕೆಲಸ ಗುಮಾಸ್ತಿಕೆ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ್ದೆ. ಮುಂದೆ ಓದಬೇಕೆಂದಾಗ ಅವ್ವ ಹಾಸಿಗೆ ಹಿಡಿದಳು. ಅವ್ವ ಹೋದ ಮೇಲೆ ಮನೆಯಲ್ಲಿ ಮಾತಾಡುವವರು ಯಾರೂ ಉಳಿಯಲಿಲ್ಲ, ಹಾಗಾಗಿ ಅಡುಗೆಮನೆಯ ಅರ್ಧ ಕಟ್ಟೆಯನ್ನು ಪ್ರಯೋಗಶಾಲೆ ಮಾಡಿಕೊಂಡೆ. ಪಟಿಕದ ಹರಳು ಬೆಳೆಸುವುದು, ಮೈಲುತುತ್ತದ ಹರಳು ಬೆಳೆಸುವುದು, ಫೋಟೊ ತೆಗೆದು ಫೋನಿನ ಗುಂಪಿಗೆ ಹಾಕುವುದು. ನನ್ನಂಥದೇ ಹುಚ್ಚಿನವರ ಗುಂಪು ಅದು, ಒಬ್ಬರ ಮುಖವನ್ನೂ ನಾನು ನೋಡಿಲ್ಲ. ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು, ಥರ್ಮೈಟ್. ತುಕ್ಕಿನ ಪುಡಿ, ಅಲ್ಯೂಮಿನಿಯಂ ಪುಡಿ, ಎರಡೂ ಸಪ್ಪೆ ಸಾಮಾನು. ಕೂಡಿ ಹೊತ್ತಿಕೊಂಡರೆ ಕಣ್ಣು ಕುಕ್ಕುವ ಬಿಳಿ ಬೆಳಕು, ಕೆಳಗೆ ಕಬ್ಬಿಣ ನೀರಾಗಿ ಹರಿಯುತ್ತದೆ. ಯಾರೋ ಮಾಡಿದ ವಿಡಿಯೋ ನೋಡೀ ನೋಡೀ ನನಗೆ ತಲೆ ಕೆಟ್ಟಿತ್ತು. ಒಮ್ಮೆ ನನ್ನ ಕಣ್ಣಿಂದ ನೋಡಬೇಕು, ಗುಂಪಿನವರಿಗೆ ತೋರಿಸಬೇಕು, ಅಷ್ಟೇ ಆಸೆ.

ಮಾಳಿಗೆಯ ಮೇಲೆ ಕೂತು ತುಕ್ಕು ಕುಟ್ಟುತ್ತಿದ್ದಾಗ ಕಾಕಾ ಗಿಡ್ಡ ಗೋಡೆಯ ಆಚೆಯಿಂದ ಇಣುಕಿದರು. ನಮ್ಮೆರಡು ಮನೆಗಳ ಮಾಳಿಗೆಗಳ ನಡುವೆ ಇದ್ದದ್ದು ಆ ಮೊಳಕಾಲೆತ್ತರದ ಗೋಡೆ ಒಂದೇ. ಅದುವರೆಗೆ ನಮ್ಮ ಮಾತೆಲ್ಲ ನೀರು ಬಂತೇ, ಕರೆಂಟು ಹೋಯಿತೇ ಅನ್ನುವಷ್ಟರಲ್ಲಿ ಮುಗಿಯುತ್ತಿತ್ತು. ಆವತ್ತು ಅವರು ತುಕ್ಕಿನ ತಟ್ಟೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಇದು ಯಾತಕ್ಕೆಂದು ತಮಗೆ ಗೊತ್ತು ಅಂದರು. ರೈಲು ಹಳಿಗಳ ತುದಿಗಳನ್ನು ಇದೇ ಬೆಂಕಿಯಿಂದ ಬೆಸೆಯುವ ಕೆಲಸದಲ್ಲಿ ಅವರು ಮೂವತ್ತು ವರ್ಷ ಕಳೆದಿದ್ದರು, ಒಬ್ಬ ಗುತ್ತಿಗೆದಾರನ ಕೈಕೆಳಗೆ. ಮದುವೆಯಾಗಿರಲಿಲ್ಲ. ಊರೂರು ಹಳಿಯ ಮೇಲೆ ತಿರುಗುವವನಿಗೆ ಯಾರು ಹೆಣ್ಣು ಕೊಡ್ತಾರೆ ಅಂತ ತಾವೇ ನಗುತ್ತಿದ್ದರು.

ನಾನು ಜಾಣೆ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡು ಮಾಡುತ್ತೇನೆ ಅಂದೆ. ಅವರು ಕೈ ಅಡ್ಡ ಹಿಡಿದರು.

"ನೀರ ಹಾಕಿದ್ರ ಆರೂ ಬೆಂಕಿ ಅಲ್ರಿ ಅಕ್ಕಾರ ಇದು. ಸಿಡೀತೈತಿ."

ಆಮೇಲೆ ಪುಡಿ ಹಾಕಲೆಂದು ನಾನು ತಂದಿಟ್ಟಿದ್ದ ಮಣ್ಣಿನ ಹೂಕುಂಡ ನೋಡಿದರು. ಅದರಲ್ಲಿದ್ದ ಗಿಡ ಸತ್ತಿತ್ತು, ತೊಳೆದು ಎರಡು ದಿನ ಬಿಸಿಲಿಗಿಟ್ಟಿದ್ದೆ. ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹಚ್ಚಿ ಕೇಳಿದರು. ಹೊರಗೆ ಒಣಗಿದಂತೆ ಕಂಡರೂ ವರ್ಷಗಟ್ಟಲೆ ಕುಡಿದ ನೀರು ಮಣ್ಣಿನೊಳಗೇ ಇರುತ್ತದೆ, ಕಾದ ಕಬ್ಬಿಣ ತಾಗಿದರೆ ಅದೇ ನೀರು ಆವಿಯಾಗಿ ಕಬ್ಬಿಣವನ್ನು ನಿಮ್ಮ ಮುಖದ ಮೇಲೆ ಎರಚುತ್ತದೆ ಅಂದರು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಓದಿಯೂ ಬಕೆಟ್ ಇಡಲು ಹೊರಟಿದ್ದೆ ನೋಡಿ, ಎಂಥ ಖೋಡಿ ಬುದ್ಧಿ ನನ್ನದು.

ನನ್ನ ಹಟ ನೋಡಿ ಅವರು ಒಂದು ಕರಾರು ಹಾಕಿದರು. ಕುಂಡ ಅವರ ಮಾಳಿಗೆಯ ಮೇಲಿರಬೇಕು, ಅಲ್ಲಿ ದಿನವಿಡೀ ಬಿಸಿಲು. ಒಣಗಿದಾಗ ಅವರೇ ಹೇಳುತ್ತಾರೆ, ಅಲ್ಲಿವರೆಗೆ ನಾನು ಕಡ್ಡಿ ಗೀರಬಾರದು.

ಅಂದಿನಿಂದ ದಿನಾ ಬೆಳಿಗ್ಗೆ, ಅವರ ನಮಾಜು ಮುಗಿದ ಮೇಲೆ, ನಾನು ಗೋಡೆ ದಾಟಿ ಹೋಗುತ್ತಿದ್ದೆ. ಚಹಾ ಅವರದು, ಚುರುಮುರಿ ನನ್ನದು. ಕಾಕಾ ಕುಂಡವನ್ನು ಸ್ವಲ್ಪ ತಿರುಗಿಸಿಡುತ್ತಿದ್ದರು, ತಟ್ಟುತ್ತಿದ್ದರು, "ಇನ್ನೂ ಹಸಿ ಐತ್ರಿ" ಅನ್ನುತ್ತಿದ್ದರು. ಆಮೇಲೆ ಮಾತು. ನೀಲಿ ಗಾಜಿನ ಹಿಂದೆ ಆ ಬೆಳಕು ಹೇಗೆ ಕಾಣುತ್ತದೆ ಅಂತ ಕೈಯಾಡಿಸಿ ಹೇಳುವಾಗ ಅವರ ವಯಸ್ಸು ಇಳಿದುಬಿಡುತ್ತಿತ್ತು. ಅದು ಯಾಕೆ ಹಾಗೆ ಉರಿಯುತ್ತದೆ ಅಂತ ನಾನು ಹೇಳುತ್ತಿದ್ದೆ. ತುಕ್ಕಿನೊಳಗಿನ ಆಮ್ಲಜನಕವನ್ನು ಅಲ್ಯೂಮಿನಿಯಂ ಕಸಿದುಕೊಳ್ಳುತ್ತದೆ ಅಂದಾಗ, ಮೂವತ್ತು ವರ್ಷ ಈ ಸಂಗತಿ ಯಾರೂ ಹೇಳಲೇ ಇಲ್ಲ ನೋಡ್ರಿ ಅಂತ ಬಹಳ ಹೊತ್ತು ತಲೆ ಆಡಿಸಿದರು. ಆಫೀಸಿಗೆ ದಿನಾ ತಡವಾಗಿ ಹೋಗಿ ಬೈಸಿಕೊಳ್ಳುತ್ತಿದ್ದೆ.

ನನಗೊಂದು ಚಾಳಿ. ಕಾಲೇಜಿನಲ್ಲಿ ಕಲಿತದ್ದು, ವಸ್ತು ಒಣಗಿದೆಯೋ ಇಲ್ಲವೋ ತಿಳಿಯಬೇಕಾದರೆ ತೂಗುತ್ತಲೇ ಇರಬೇಕು, ತೂಕ ಇಳಿಯುವುದು ನಿಂತರೆ ಒಣಗಿತು. ಅಡುಗೆಮನೆಯ ತೂಕದ ಮಷಿನ್ ಒಯ್ದು ದಿನಾ ತೂಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಮೊದಮೊದಲು ಇಳಿಯಿತು, ಆಮೇಲೆ ನಿಂತಿತು. ಕಾಕಾ ಮಾತ್ರ ತಟ್ಟಿ ತಟ್ಟಿ ಅದೇ ಮಾತು ಹೇಳುತ್ತಿದ್ದರು. ಇಪ್ಪತ್ತೊಂದು ದಿನ ತಾಳಿದೆ. ಇಪ್ಪತ್ತೆರಡನೆಯ ಬೆಳಿಗ್ಗೆ ನೋಟ್‌ಬುಕ್ಕನ್ನು ಅವರ ಮುಂದೆ ಹಿಡಿದೆ.

"ಇದು ಒಣಗಿ ಯಾವ ಕಾಲಾತು ಕಾಕಾ. ಯಾಕ ಸುಳ್ಳ ಹೇಳ್ತೀರಿ?"

ಅವರು ಆ ಅಂಕಿಗಳ ಮೇಲೆ ಬೆರಳಾಡಿಸಿದರು.

"ನಿಮ್ಮ ಲೆಕ್ಕ ಬರೋಬ್ಬರಿ ಐತ್ರಿ. ಒಮ್ಮೆ ಕೆಲಸದಾಗ ನನ್ನ ಜೋಡೀದಾರ ಕೇಳಿದ್ದ, ಹಳಿಗೆ ಕಟ್ಟಿದ ಮಣ್ಣಿನ ಅಚ್ಚು ಒಣಗೇತೇನಲೇ ಅಂತ. ಹೂಂ ಅಂದೆ. ಒಳಗ ಹಸಿ ಇತ್ತು, ಸಿಡೀತು. ಮೂರ ದಿನ ಒದ್ದಾಡಿ ಹೋದ ಅಂವಾ. ಆ ಮಾತ ಮತ್ತ ನನ್ನ ಬಾಯಾಗ ಬರವಲ್ದು."

ಅಷ್ಟಕ್ಕೆ ನಾನು ಸುಮ್ಮನಾಗಬೇಕಿತ್ತು. ಆದರೆ ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಗುಂಪಿನವರಿಗೆ ಇವತ್ತು ನಾಳೆ ಅಂತ ಹೇಳಿ ಹೇಳಿ ನಗೆಪಾಟಲಾಗಿದ್ದೆ.

"ಅದೆಲ್ಲ ನೆವ ಕಾಕಾ. ನಿಮಗ ದಿನಾ ಚಾ ಕುಡ್ಯಾಕ ಒಬ್ರು ಜೊತಿ ಬೇಕಾಗಿತ್ತು, ಅಷ್ಟ."

ಕಾಕಾ ಕುಂಡವನ್ನು ಎತ್ತಿ ನನ್ನ ಕೈಯಲ್ಲಿಟ್ಟರು, ಎರಡೂ ಕಪ್ಪು ತೆಗೆದುಕೊಂಡು ಮೆಟ್ಟಿಲಿಳಿದು ಹೋದರು. ನನ್ನ ಕಪ್ಪಿನಲ್ಲಿ ಇನ್ನೂ ಅರ್ಧ ಚಹಾ ಇತ್ತು...

ಮರುದಿನ ನಾನು ಹೋಗಲಿಲ್ಲ, ಅವರೂ ಕರೆಯಲಿಲ್ಲ. ಹೀಗೇ ದಿನ ಹೋದವು. ಮಳೆಗಾಲ ಹಿಡಿಯಿತು. ರಾತ್ರಿ ಅವರು ಕೆಮ್ಮುವುದು ಕೇಳುತ್ತಿತ್ತು, ಒಂದು ದಿನ ಅದೂ ನಿಂತಿತು. ಆರಾಮಾಗಿದ್ದಾರೆ ಅಂದುಕೊಂಡೆ.

ಮಳೆ ಬಿಟ್ಟ ಒಂದು ಭಾನುವಾರ ಮಧ್ಯಾಹ್ನ ಎಲ್ಲ ಸಾಮಾನು ಚೀಲಕ್ಕೆ ತುಂಬಿದೆ. ಹಿಂದಿನ ಖಾಲಿ ಜಾಗ ಗೊತ್ತು ಮಾಡಿಟ್ಟಿದ್ದೆ, ಫೋನಿಗೆ ಸ್ಟ್ಯಾಂಡೂ ತಂದಿದ್ದೆ. ಹೊರಡುವ ಮುಂಚೆ, ಬರೀ ರೂಢಿಯಿಂದ, ಕುಂಡವನ್ನು ಮಷಿನ್ ಮೇಲಿಟ್ಟೆ. ಇಪ್ಪತ್ತು ಗ್ರಾಂ ಹೆಚ್ಚಿತ್ತು. ಮತ್ತೊಮ್ಮೆ ಇಟ್ಟೆ, ಅಷ್ಟೇ. ಬೆರಳಿನಿಂದ ತಟ್ಟಿದೆ, ಸಪ್ಪಳ ಮೊದ್ದಾಗಿತ್ತು. ನನ್ನ ಅಡುಗೆಮನೆಯ ಮೂಲೆಯಲ್ಲಿ ಕೂತು ಅದು ಮಳೆಗಾಲದ ಥಂಡಿಯನ್ನೆಲ್ಲ ಕುಡಿದಿತ್ತು. ಅವರು ಅಷ್ಟು ದಿನ ಕಾಯಿಸದಿದ್ದರೆ ತೂಗುವ ಆ ರೂಢಿ ನನಗೆ ಬೀಳುತ್ತಿರಲಿಲ್ಲ, ಆವತ್ತು ನನ್ನ ಕಣ್ಣು ಹೋಗುತ್ತಿದ್ದವು, ಜೀವವೇ ಹೋಗುತ್ತಿತ್ತೋ ಏನೋ.

ಓಡಿಹೋಗಿ ಅವರ ಬಾಗಿಲಿಗೆ ನಿಂತರೆ ಬೀಗ. ಉಸಿರಿನ ತ್ರಾಸು ಹೆಚ್ಚಾಗಿ ಉಪ್ಪಿನಬೆಟಗೇರಿಯ ತಂಗಿ ಬಂದು ಕರೆದೊಯ್ದಿದ್ದಾಳೆ ಅಂದರು ಎದುರು ಮನೆಯವರು. ಮರುದಿನವೇ ಹೋಗಬೇಕಿತ್ತು. ಆಫೀಸಿಗೆ ರಜೆ ಹಾಕಲು ಹಿಂದೆಮುಂದೆ ನೋಡಿ, ಮುಂದಿನ ಭಾನುವಾರ ಬಸ್ಸು ಹತ್ತಿದೆ. ಕಾಕಾ ತೀರಿಕೊಂಡು ನಾಲ್ಕು ದಿನವಾಗಿತ್ತು.

ತಂಗಿ ವಯಸ್ಸಾದ ಹೆಂಗಸು, ಅದೇ ಮೂಗು, ಅದೇ ಹುಬ್ಬು. ನಾನು ನವನಗರದ ಪಕ್ಕದ ಮನೆಯವಳು ಅಂದ ಕೂಡಲೇ ನನ್ನ ಕೈ ಹಿಡಿದು ಕೂರಿಸಿದಳು.

"ಕುಂಡದ ಅಕ್ಕಾರು ನೀವ ಏನ್ರಿ? ದಿನಾ ನೆನಸ್ತಿದ್ದ ಅಣ್ಣ. ಕುಂಡ ಅಕ್ಕಾರ ಕೈಯಾಗ ಐತಿ, ತಟ್ಟಿ ನೋಡವ್ರು ಯಾರೂ ಇಲ್ಲ, ಲಗೂ ಹೋಗಬೇಕು ಅಂತಿದ್ದ. ಒಣಗಿತೇನ್ರಿ ಅದು?"

ನಾನು ತಲೆ ಎತ್ತಲಿಲ್ಲ. "ಇನ್ನೂ ಹಸಿ ಐತ್ರಿ" ಅಂದೆ.

ಮಳೆಗಾಲ ಮುಗಿದ ಮೇಲೆ ಕುಂಡವನ್ನು ನನ್ನ ಮಾಳಿಗೆಗೆ ಒಯ್ದಿಟ್ಟೆ, ಇವತ್ತಿಗೂ ಅಲ್ಲೇ ಇದೆ. ಆ ಬೆಳಕನ್ನು ನಾನು ನೋಡಲಿಲ್ಲ, ಇನ್ನು ನೋಡುವುದೂ ಇಲ್ಲ. ಪುಡಿಗಳನ್ನು ಕಾಲೇಜಿನ ಪ್ರಯೋಗಶಾಲೆಗೆ ಒಪ್ಪಿಸಿ ಬಂದೆ. ಗುಂಪಿನಲ್ಲಿ ಈಗಲೂ ಯಾರಾದರೂ, ಮೇಡಂ ನಿಮ್ಮ ಕುಂಡ ಯಾವಾಗ ಒಣಗುತ್ತದೆ ಅಂತ ಕಾಲೆಳೆಯುತ್ತಾರೆ. ಹೊಸಬರು ಕೇಳಿದರೆ ಜೋಡೀದಾರನ ಮೂರು ದಿನದ ಕತೆ ಬರೆದು ಹಾಕುತ್ತೇನೆ. ಕೆಲವರು ಓದುತ್ತಾರೆ, ಕೆಲವರು ನಗುವ ಮುಖ ಒತ್ತಿ ಹೋಗುತ್ತಾರೆ.

ಮೊನ್ನೆ ಗಡಿಗೆ ತುಂಬಿಟ್ಟ ಮೇಲೆ ಆ ನೋಟ್‌ಬುಕ್ಕು ಹುಡುಕಿ ತೆಗೆದೆ. ಇಪ್ಪತ್ತೊಂದು ಸಾಲು, ಮೊದಲ ಕೆಲವನ್ನು ಬಿಟ್ಟರೆ ಎಲ್ಲದರಲ್ಲೂ ಒಂದೇ ತೂಕ. ಆ ಒಂದೇ ತೂಕದ ಸಾಲುಗಳನ್ನೆಲ್ಲ ಅವರ ಸುಳ್ಳು ಅಂತ ಆಗ ಎಣಿಸಿದ್ದೆ. ಆದರೆ ಕುಂಡ ಒಣಗಿದ್ದು ಎಂಟನೆಯ ದಿನವೋ ಹತ್ತನೆಯ ದಿನವೋ ನನಗೂ ಗೊತ್ತಾಗಿತ್ತಲ್ಲ, ಅಂಕಿ ಬರೆದವಳು ನಾನೇ. ಗೊತ್ತಿದ್ದೂ ದಿನಾ ಚುರುಮುರಿ ಕಟ್ಟಿಕೊಂಡು ಗೋಡೆ ದಾಟಿದ್ದೆ. ಜೊತೆ ಯಾರಿಗೆ ಬೇಕಾಗಿತ್ತು ಅಂತ ಅವರು ಒಂದು ಮಾತು ತಿರುಗಿ ಕೇಳಬಹುದಿತ್ತು... ಕೇಳಲಿಲ್ಲ ಕಾಕಾ.

ಬೆಳಿಗ್ಗೆ ಮಾಳಿಗೆ ಹತ್ತಿ ಕುಂಡವನ್ನು ಸ್ವಲ್ಪ ತಿರುಗಿಸಿಟ್ಟು ಬರುತ್ತೇನೆ. ತಟ್ಟಿ ನೋಡುವುದಿಲ್ಲ. ಏನು ಕೇಳಿತು ಅಂತ ಹೇಳೋಣವೆಂದರೆ ಗೋಡೆಯ ಆಚೆ ಯಾರೂ ಇಲ್ಲ.